ಮನೆ ನೋಡಲು ಬಂದವರು

"ಇದು ನಿಮಗೇ ಅಂತ ತಂದೆ, ದೋನಾ," ಎಂದು, ಅಮ್ಮಾವ್ರೇ ಎನ್ನುವಷ್ಟೇ ಮರ್ಯಾದೆಯಿಂದ, ಇಸಾಲ್ತಿನಾ ಕೇಕಿನ ಪೊಟ್ಟಣವನ್ನು ಬಾಗಿಲಲ್ಲೇ ಮುದುಕಿಯ ಕೈಗಿತ್ತಳು.

ಏಜೆಂಟ್ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದಳು. ಪೋರ್ಚುಗಲ್ಲಿನ ಈ ಪೋರ್ತೊ ನಗರದಲ್ಲಿ ಕೈಗೆಟುಕುವ ಬಾಡಿಗೆಯ ಮನೆಯೊಂದರ ಜಾಹೀರಾತು ಬಂದರೆ ಸಂಜೆಯೊಳಗೆ ಮೆಟ್ಟಿಲ ತುಂಬ ಜನ. ತಾನೋ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳು, ಗಂಡನಿಲ್ಲದವಳು, ಜೊತೆಗೆ ಮಗು ಬೇರೆ. ಹೀಗಿರುವಾಗ ಓನರಮ್ಮನ ಮನಸ್ಸನ್ನಾದರೂ ಮೊದಲು ಗೆಲ್ಲಬೇಕು. ಅವಳೂ ಮಗಳೂ ಅಕ್ಕನ ಮನೆಯಲ್ಲಿ ಒಲೆಯ ಪಕ್ಕ ನೆಲದ ಮೇಲೆ ಮಲಗುತ್ತಿದ್ದರು. ಈ ತಿಂಗಳು ಮುಗಿದ ಮೇಲೆ ಅದೂ ಇಲ್ಲವೆಂದು ಭಾವ ಹೇಳಿಯಾಗಿತ್ತು.

"ಕೇಕು ತಂದವರನ್ನ ಯಾರು ಅಂತ ಕೇಳಬಾರ್ದು," ಎಂದಳು ದೋನಾ ಅರ್ಮಿಂದಾ. "ಒಳಗೆ ಬಾ ಮಗಳೇ. ಕಾಫಿ ಬಿಸಿ ಇದೆ."

ಅಡುಗೆಮನೆಗೆ ಕಿಟಕಿಯಿತ್ತು. ಅದರಾಚೆ ಯಾರದೋ ಹಾಸುಬಟ್ಟೆಗಳು ಒಣಗುತ್ತಿದ್ದವು. ಮಗಳ ಮಂಚ ಯಾವ ಗೋಡೆಯ ಪಕ್ಕ ಹಿಡಿಯುತ್ತದೆಂದು ಇಸಾಲ್ತಿನಾ ಆಗಲೇ ನೋಡಿಟ್ಟಿದ್ದಳು.

"ನಾವಿಬ್ರೇ ದೋನಾ. ನಾನು, ಮಗಳು. ಗಲಾಟೆ ಗಿಲಾಟೆ ಇಲ್ಲ. ಒಂದನೇ ತಾರೀಕಿಗೆ ಬಾಡಿಗೆ ತಂದು ನಿಮ್ಮ ಕೈಲಿ ಇಡ್ತೀನಿ."

"ನನ್ನ ಕೈಲಾ?" ಮುದುಕಿ ನಕ್ಕಳು. "ಮದುವೆಯಾಗಿ ಬಂದಾಗಿನಿಂದ ಈ ಮನೆಗೆ ಬಾಡಿಗೆ ಕಟ್ಟಿರೋಳು ನಾನು. ಒಂದ್ಸಲನಾದ್ರೂ ತಗೊಂಡು ನೋಡ್ಬೇಕು, ಹೇಗಿರುತ್ತೋ."

ಇಸಾಲ್ತಿನಾಳ ಲೋಟ ತುಟಿಯ ಬಳಿ ನಿಂತಿತು. "ಹಾಗಾದ್ರೆ... ನೀವು ಮನೆ ಖಾಲಿ ಮಾಡ್ತಿಲ್ವಾ?"

"ಮಾಡ್ತೀನಿ. ನಾಲ್ಕು ಜನ ಹೊತ್ಕೊಂಡು ಇಳಿಸೋ ದಿವಸ."

ಅಷ್ಟರಲ್ಲಿ ಹೊರಗಿನಿಂದ ಬೀಗದ ಕೈ ತಿರುಗಿತು. ಬಾಗಿಲು ತಟ್ಟದೆ ಏಜೆಂಟ್ ಟೆಲ್ಮೊ ಒಳಬಂದ. ಅವನ ಹಿಂದೆ ಏಳೆಂಟು ಜನ ಬಂದರು, ಮುದುಕಿಗೆ ತಲೆಯಾಡಿಸಿ ಕೋಣೆ ಕೋಣೆಗೆ ಚದುರಿದರು. ಒಬ್ಬ ನಲ್ಲಿ ತಿರುಗಿಸಿದ. ಮತ್ತೊಬ್ಬ ಬೀರು ತೆರೆದು, ಮುದುಕಿಯ ಸತ್ತ ಗಂಡನ ಕೋಟುಗಳನ್ನು ಪಕ್ಕಕ್ಕೆ ಸರಿಸಿ ಒಳಗೆ ತೇವವಿದೆಯೇ ಎಂದು ಮುಟ್ಟಿ ನೋಡಿದ.

"ಕಾನೂನು ಪ್ರಕಾರ ನನ್ನನ್ನ ಹೊರಗೆ ಹಾಕೋ ಹಾಗಿಲ್ಲ," ಎಂದಳು ಮುದುಕಿ, ಕುಳಿತಲ್ಲಿಂದಲೇ.

"ಅಯ್ಯೋ, ಯಾರು ಹಾಕಿದ್ರು ಅಜ್ಜಿ? ನೋಡೋಕೆ ಬಂದಿದಾರೆ ಅಷ್ಟೆ. ವಾರ ವಾರಾನೂ ಬರ್ತಾರೆ. ನಿಮಗೂ ಬೇಜಾರು ಕಳೆಯುತ್ತೆ." ಟೆಲ್ಮೊ ಇಸಾಲ್ತಿನಾಳನ್ನು ಕಿಟಕಿಯ ಬಳಿ ಕರೆದು ದನಿ ತಗ್ಗಿಸಿದ. "ನೀವು ಜಾಣರು. ಕೇಕು ತಂದ್ರಿ, ಕಾಫಿ ಕುಡಿದ್ರಿ. ಹೀಗೇ ಬರ್ತಾ ಇರಿ. ಮಗೂನೂ ಕರ್ಕೊಂಡು ಬನ್ನಿ. ಮಗು ಮಲಗೋಕೆ ಜಾಗ ಇಲ್ಲ ಅಂತ ಅವಳ ಮುಂದೆ ಒಂದಿಷ್ಟು ಅತ್ತುಬಿಡಿ. ಇದನ್ನ ಬಿಟ್ಟು ತನ್ನ ಮಗಳ ಮನೆಗೆ ಹೋಗ್ತೀನಿ ಅಂತ ಅಜ್ಜೀನೇ ಅನ್ಬೇಕು. ಅಂದ ದಿವಸ ಮನೆ ನಿಮ್ದು. ಜಾಹೀರಾತಲ್ಲಿರೋ ಬಾಡಿಗೆಗೇ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಮಗಳು ನಿಜಕ್ಕೂ ನೆಲದ ಮೇಲೆ ಮಲಗುತ್ತಿದ್ದಳು. ಅಳುವುದಕ್ಕೆ ನಟನೆಯೂ ಬೇಕಿರಲಿಲ್ಲ.

"ನಿಮ್ಮ ತಾಯಿ ಇದಾರಾ?" ಎಂದು ಕೇಳಿದಳು.

"ಇದಾರೆ. ಯಾಕೆ?"

"ಅವರ ಬೀರುನೂ ತೆಗೆದು ತೋರಿಸ್ತೀರಾ ಜನಕ್ಕೆ?"

ಟೆಲ್ಮೊ ನಗುತ್ತಲೇ ಗಡಿಯಾರ ನೋಡಿಕೊಂಡ. "ಬೇಡ ಅಂದ್ರೆ ಬಿಡಿ. ನಿಮ್ಮ ಹಿಂದೆ ಸಾಲು ಇದೆ."

ಇಸಾಲ್ತಿನಾ ಮಲಗುವ ಕೋಣೆಗೆ ಹೋಗಿ ಬೀರುವಿನ ಬಾಗಿಲು ಮುಚ್ಚಿದಳು. ಅಲ್ಲಿದ್ದವರನ್ನು ದಾಟಲು ಮೊಣಕೈಯನ್ನೂ ಬಳಸಿದಳು. ಮರಳಿ ಬಂದು ಮುದುಕಿಯ ಮುಂದೆ ನಿಂತಳು.

"ನನಗೆ ಗೊತ್ತಿರಲಿಲ್ಲ, ದೋನಾ."

"ಬರೋರು ಯಾರಿಗೂ ಗೊತ್ತಿರಲ್ಲ ಮಗಳೇ," ಎಂದಳು ಅರ್ಮಿಂದಾ. "ಆದ್ರೆ ಬೇರೆ ಯಾರೂ ಹೀಗೆ ಕೂತು ಕಾಫಿ ಕುಡೀಲಿಲ್ಲ. ಬೀಗ ಬದಲಾಯ್ಸೋನು ಯಾರಾದ್ರೂ ಗೊತ್ತಿದ್ರೆ ಕಳಿಸು."

ಮೆಟ್ಟಿಲು ಇಳಿಯುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಒಬ್ಬ ತುಂಬು ಗರ್ಭಿಣಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು. ಅವಳ ಗಂಡ ಎರಡು ಮೆಟ್ಟಿಲು ಮೇಲೆ ನಿಂತಿದ್ದ.

"ಮನೆ ಹೇಗಿದೆ?" ಎಂದು ಕೇಳಿದ.

"ಅದು ಖಾಲಿ ಇಲ್ಲ. ಒಳಗೆ ಒಬ್ಬರು ಅಜ್ಜಿ ಇದಾರೆ. ಹೋಗಬೇಡಿ."

ಗಂಡ ಹೆಂಡತಿ ಮುಖ ನೋಡಿಕೊಂಡರು. ಇವಳು ತಮಗಿಂತ ಮೊದಲು ಬಂದವಳು, ಪೈಪೋಟಿಯವಳು. ಹಾಗನ್ನದೆ ಇನ್ನೇನು ಅಂದಾಳು?

"ಬೇಗ ಬಾ," ಎಂದ ಗಂಡ.

ಗರ್ಭಿಣಿ ಎರಡು ಮೆಟ್ಟಿಲಿಗೊಂದು ಹೆಜ್ಜೆ ಹಾಕಲು ನೋಡಿದಳು. ಆಗಲಿಲ್ಲ. ಇಸಾಲ್ತಿನಾ ಗೋಡೆಗೆ ಒತ್ತಿ ನಿಂತು, ಆ ಹೊಟ್ಟೆ ದಾಟಿ ಹೋಗಲು ಜಾಗ ಬಿಟ್ಟಳು.