ಕರುಪ್ಪಸ್ವಾಮಿಯ ಹೋತ ಕಡಲು ದಾಟಿದ್ದು

ನನ್ನ ತಮ್ಮ ಆಂಡಿಯಪ್ಪ ಸಿಲೋನಿನಿಂದ ಊರಿಗೆ ಬಂದಾಗ ಎಲ್ಲರಿಗೂ ಮೊದಲು ಕಂಡದ್ದು ಅವನ ಕೋಟು. ಆಮೇಲೆ ಕೊಡೆ. ಅವನು ಕಂಡದ್ದು ಎಲ್ಲಕ್ಕಿಂತ ಕೊನೆಗೆ. ಸುಡುಬಿಸಿಲಿನಲ್ಲಿ ದಪ್ಪ ಉಣ್ಣೆಯ ಕೋಟು ತೊಟ್ಟು, ಬೆವರು ಸುರಿಸಿಕೊಂಡು ಬೇವಿನ ಕಟ್ಟೆಯ ಮೇಲೆ ಕೂತು ಟೀ ತೋಟದ ಕಥೆ ಹೇಳುತ್ತಿದ್ದ. ಅಲ್ಲಿ ಮೂರು ಹೊತ್ತೂ ಅನ್ನವಂತೆ. ಕೆಲಸವೆಂದರೆ ಎರಡೇ ಬೆರಳಿನಲ್ಲಿ ಗಿಡದ ತುದಿ ಚಿವುಟುವುದಂತೆ. ಇವನನ್ನು ಕೇಳದೆ ತೋಟದ ದೊರೆ ಸ್ನಾನಕ್ಕೂ ಹೋಗುವುದಿಲ್ಲವಂತೆ. ಬುರುಡೆ ಬಿಡುವುದಕ್ಕೂ ಒಂದು ಮಿತಿ ಬೇಡವೇ?

ನಿಜ ಸಂಗತಿ ನನಗೊಬ್ಬಳಿಗೆ ಗೊತ್ತು ಎಂದುಕೊಂಡಿದ್ದೆ. ಬಂದ ದಿನವೇ ಒಲೆಯ ಮುಂದೆ ಗಂಜಿ ಕುಡಿಯುತ್ತ ಬಾಯಿ ಬಿಟ್ಟಿದ್ದ. ದೊರೆ ಅವನಿಗೆ ಹೊಸದಾಗಿ ಕಂಗಾಣಿ ಕೆಲಸ ಕೊಟ್ಟಿದ್ದ. ಊರಿನಿಂದ ಒಂದು ಗುಂಪು ಆಳುಗಳನ್ನು ಕರೆದುಕೊಂಡು ಹೋದರೆ ಅವರ ಮೇಲೆ ಇವನೇ ಮೇಸ್ತ್ರಿ. ಮಳೆಗಾಲದ ಚಿಗುರು ಬರುವುದರೊಳಗೆ ಅವರು ತೋಟದಲ್ಲಿರಬೇಕು. ಇಲ್ಲದಿದ್ದರೆ ಕೋಟು ಬಿಚ್ಚಿಟ್ಟು ಮತ್ತೆ ಗುದ್ದಲಿ ಹಿಡಿಯಬೇಕು. ಕೋಟು ಕೂಡ ದೊರೆಯದೇ.

"ಇಷ್ಟು ವರ್ಷ ಗುಂಡಿ ತೋಡಿದ್ದು ಸಾಕಕ್ಕ. ಈ ಬೆನ್ನಿಗೆ ಇನ್ನಾಗಲ್ಲ" ಎಂದಿದ್ದ.

ಜನ ಒಪ್ಪಿದರು. ಅವನ ಕಥೆ ಕೇಳಿಯಲ್ಲ, ಊರಿನ ಜಮೀನ್ದಾರನ ಬೈಗುಳ ಕೇಳಿ ಕೇಳಿ ಕಿವಿ ತೂತಾಗಿತ್ತು. ಪಾತ್ರೆ ಪಗಡ ಗಂಟು ಕಟ್ಟಿದ್ದಾಯಿತು. ಹೊರಡಲು ಒಬ್ಬರ ಒಪ್ಪಿಗೆ ಮಾತ್ರ ಬಾಕಿ ಇತ್ತು, ಊರ ಗಡಿ ಕಾಯುವ ದೇವರು ಕರುಪ್ಪಸ್ವಾಮಿಯದು.

ದೂರದ ಪ್ರಯಾಣಕ್ಕೆ ಮುಂಚೆ ನಾವು ಅವನೆದುರು ಹೋತ ನಿಲ್ಲಿಸಿ, ತಲೆಗೆ ಅರಿಸಿನದ ನೀರು ಹುಯ್ದು ಕೇಳುತ್ತೇವೆ. ಹೋತ ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಅಲ್ಲೇ ಕಡಿದು, ಉಂಡು, ಹೊರಡುವುದು. ಕೊಡವದಿದ್ದರೆ ಹೊಸಿಲು ದಾಟುವಂತಿಲ್ಲ. ಆ ಸಲ ತಂದದ್ದು ಒಂದು ಕರಿ ಹೋತ. ನೀರು ಹುಯ್ದರೆ ಕಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತಿತು. ಇನ್ನೊಂದು ಬಿಂದಿಗೆ ಹುಯ್ದರೆ ಗಡ್ಡದಿಂದ ನೀರು ತೊಟ್ಟಿಕ್ಕಿಸುತ್ತ ಕೊರಳ ಹಾರವನ್ನು ಮೇಯತೊಡಗಿತು.

"ಈ ಬಿಸಿಲಿಗೆ ಹಾಯಾಗೈತೆ ಅದಕ್ಕೆ. ಯಾಕೆ ಕೊಡವ್ತದೆ?" ಎಂದ ಪೂಜಾರಿ ಇರುಳಪ್ಪ.

ಬಾವಿ ಬತ್ತುವುದೊಂದು ಬಾಕಿ, ಅಷ್ಟು ನೀರು ಹುಯ್ದೆವು. ಆಂಡಿಯಪ್ಪ ಮೆಲ್ಲಗೆ ಕೋಳಿಯ ಗರಿಯೊಂದನ್ನು ಹೋತದ ಕಿವಿಯ ಹತ್ತಿರ ಒಯ್ದ.

"ಏಯ್, ದೇವ್ರಿಗೆ ಕಚಗುಳಿ ಇಟ್ಟು ಒಪ್ಪಿಗೆ ತಗೋತೀಯೇನೋ? ತೆಗಿ ಕೈ" ಎಂದು ಪೂಜಾರಿ ಗದರಿದ.

ಹೋತ ಗರಿಯನ್ನೂ ತಿಂದು, ಕೋಟಿನ ತೋಳಿಗೆ ಬಾಯಿ ಹಾಕಿತು. ಜನ ಗಂಟು ಬಿಚ್ಚಿ ಪಾತ್ರೆ ಹೊರತೆಗೆಯತೊಡಗಿದರು. ಆಗ ಕುಪ್ಪಾಯಜ್ಜಿ ಎದ್ದು ನಿಂತಳು. ಗುಂಪಿನಲ್ಲಿ ಅವಳೇ ಹಿರಿಯಳು, ಅವಳು ಹೇಳಿದ್ದೇ ಕಾನೂನು.

"ಬೇಡ ಅಂತ ಅಂದಿಲ್ವಲ್ಲ. ಯೋಚ್ನೆ ಮಾಡ್ತಾ ಇದೆ. ಕಡಲ ದಡದ ತನಕ ಜೊತೇಲೇ ಹೊಡ್ಕೊಂಡು ಹೋಗಾನ. ಅಷ್ಟ್ರಲ್ಲಿ ಹೂಂ ಅಂದ್ರೆ ಹಡಗು, ಇಲ್ದಿದ್ರೆ ವಾಪಸ್ಸು."

ಹಾಗೆ ಹೊರಟಿತು ನಮ್ಮ ದಂಡು, ಮುಂದೆ ಹೋತ, ಹಿಂದೆ ಕಂಗಾಣಿ. ರೈಲು ನಿಂತಲ್ಲೆಲ್ಲ ಹೋತವನ್ನು ಇಳಿಸಿ ನೀರು ಹುಯ್ದು ಕೇಳಿದೆವು. ರೈಲಿನವರೆಲ್ಲ ಕಿಟಕಿಗೆ ಜೋತುಬಿದ್ದು ನೋಡಿದರು. ಆಂಡಿಯಪ್ಪ ಕೊಡೆ ಬಿಚ್ಚಿ ಮುಖ ಮುಚ್ಚಿಕೊಂಡ. ನನಗಂತೂ ನಗು ತಡೆಯಲಾಗಲಿಲ್ಲ.

ಕಡಲ ದಡದ ಮಂಡಪಂ ಕ್ಯಾಂಪಿನಲ್ಲಿ, ನಮಗೆ ರೋಗವಿಲ್ಲವೆಂದು ಖಾತ್ರಿಯಾಗುವವರೆಗೆ ಬೇಲಿಯೊಳಗೆ ಇಟ್ಟರು. ಸೂಜಿ ಚುಚ್ಚಿದರು, ಮೂಗು ಸುಟ್ಟುಹೋಗುವಂಥ ಔಷಧಿಯ ನೀರಲ್ಲಿ ಮೀಯಿಸಿದರು. ಹಡಗು ಹೊರಡುವ ದಿನವೂ ಬಂತು. ಡಾಕ್ಟರು ನೋಡುತ್ತಾರೆ, ನಾವೆಲ್ಲ ಹೋತದ ಸುತ್ತ ಚೊಂಬು ಹಿಡಿದು ಕೂತಿದ್ದೇವೆ.

"ಏನ್ರಯ್ಯ ಇದು?"

"ಒಪ್ಗೆ ಕೇಳ್ತಾ ಇದೀವಿ ಸಾಮಿ" ಎಂದಳು ಕುಪ್ಪಾಯಜ್ಜಿ.

"ಇಲ್ಲಿ ಒಪ್ಗೆ ಕೊಡೋನು ನಾನಮ್ಮ."

"ನಿಮ್ದು ಆಮೇಲೆ ಸಾಮಿ."

ಡಾಕ್ಟರಿಗೆ ರೇಗಿಹೋಯಿತು. "ಮೊದ್ಲು ಇದಕ್ಕೆ ಔಷಧಿ ನೀರು ಹಾಕ್ರೋ" ಎಂದು ಕೆಲಸದವರಿಗೆ ಹೇಳಿದರು. ಅವರು ಬಕೆಟ್ಟು ಎತ್ತುವುದನ್ನು ಕಂಡ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಓಡಿ ಬಂದು, "ಕರುಪ್ಪಾ, ಹೋಗಾನಾ?" ಎಂದು ಕೇಳಿಯೇಬಿಟ್ಟಳು. ನೀರು ಬಿತ್ತು. ಹೋತ ಒಮ್ಮೆ ಸೀನಿತು. ಆಮೇಲೆ ಮೂಗಿನಿಂದ ಬಾಲದವರೆಗೆ ಹೇಗೆ ಕೊಡವಿತೆಂದರೆ ಡಾಕ್ಟರ ಕನ್ನಡಕ, ಆಂಡಿಯಪ್ಪನ ಕೋಟು, ನಮ್ಮ ಗಂಟುಗಳು ಎಲ್ಲ ತೊಯ್ದುಹೋದವು. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದರು. ನನ್ನ ತಮ್ಮ ಡಾಕ್ಟರನ್ನೇ ತಬ್ಬಿಕೊಂಡ.

ಕುಪ್ಪಾಯಜ್ಜಿ ತನ್ನ ಗಂಟು ತಲೆಗೇರಿಸಿದಳು. "ಸರಿ, ಒಪ್ದ. ಒಪ್ಪಿದ್ ಮೇಲೆ ಕಡಿಯೋದೆಲ್ಲಿ? ಕರುಪ್ಪನ ಬಾಗ್ಲಲ್ಲಿ. ನಡೀರಿ ಊರಿಗೆ."

"ಅಜ್ಜಿ, ಹಡಗು ಇವತ್ತು" ಎಂದ ಆಂಡಿಯಪ್ಪ.

"ಹಡಗು ಇನ್ನೊಂದು ಬರ್ತದೆ. ಅವ್ನ ಬಾಯಿಗೆ ತೋರ್ಸಿದ್ದನ್ನ ಕೊಡದೆ ಹೋದ್ರೆ ಉಳೀತೀವಾ?"

ಎಲ್ಲರೂ ಗಂಟು ಎತ್ತಿಕೊಂಡರು. ನನ್ನ ತಮ್ಮ ಮರಳಿನ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಗೊಳೋ ಎಂದು ಅತ್ತ. "ಎಲ್ಲಾ ಬುರುಡೆ ಅಜ್ಜಿ. ಮೂರೊತ್ತು ಅನ್ನ ಇಲ್ಲ. ಜಿಗಣೆ ಇದಾವೆ. ಈ ಕೋಟು ನಂದಲ್ಲ. ನೀವು ತಿರ್ಗಿ ಹೋದ್ರೆ ನಾನು ಸಾಯೋಗಂಟ ಗುಂಡಿ ತೋಡ್ಬೇಕು."

ಯಾರೂ ನಗಲಿಲ್ಲ. ಅಜ್ಜಿ ಗಂಟು ಇಳಿಸಿ ಅವನ ಪಕ್ಕ ಕೂತಳು.

"ಗೊತ್ತು ಕಣಪ್ಪ. ಬಾವಿ ಹತ್ರ ಕೋಟು ಬಿಚ್ಚಿ ನೀರು ಹುಯ್ಕೋತಿದ್ಯಲ್ಲ, ಆಗ ಗುಂಡಿ ತೋಡಿ ಸವೆದ ನಿನ್ನ ಬೆನ್ನು ನೋಡಿದ್ವಿ. ನೋಡೇ ಹೊರಟಿದ್ದು. ಆದ್ರೆ ಕರುಪ್ಪಂಗೆ ಏನು ಹೇಳ್ಲಿ?"

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಗೊತ್ತಿದ್ದೂ ಇಷ್ಟು ದಿನ ಅವನಿಂದ ಬುರುಡೆ ಹೇಳಿಸಿಕೊಂಡು ಕೂತಿದ್ದರಲ್ಲ. ಸೆರಗಿನ ಗಂಟು ಬಿಚ್ಚಿ ಅಜ್ಜಿಯ ಮುಂದೆ ಹಿಡಿದೆ. ಹೊರಡುವಾಗ ಕರುಪ್ಪನ ಕಲ್ಲಿನ ಬುಡದಿಂದ ತೆಗೆದ ಒಂದು ಹಿಡಿ ಮಣ್ಣು, ಹೋದ ಕಡೆ ಅವನಿಗೊಂದು ಕಲ್ಲು ನೆಡಬೇಕೆಂದು ಇಟ್ಟುಕೊಂಡಿದ್ದೆ.

"ಬಾಗ್ಲು ತಾನೇ ಬೇಕು ನಿಂಗೆ? ಬಾಗ್ಲು ನಮ್ ಜೊತೇಲೇ ಬರ್ತಾ ಐತೆ. ಹೋತನೂ ಬರ್ಲಿ" ಎಂದೆ.

ಅಜ್ಜಿ ಮಣ್ಣನ್ನು ಮೂಸಿ ನೋಡಿದಳು. ಕಣ್ಣಿಗೆ ಒತ್ತಿಕೊಂಡಳು. "ಇದು ಅವಂದೇ. ಆದ್ರೆ ಹೊಸ ಜಾಗ. ಅಲ್ಲಿ ಕಲ್ಲು ನೆಟ್ ಮೇಲೆ ಇನ್ನೊಂದು ಸಲ ಕೇಳ್ಬೇಕು."

ಸಂಜೆ ಆಂಡಿಯಪ್ಪ ಹೋತಕ್ಕೆ ಕೋಟು ತೊಡಿಸಿ, ತೋಳಲ್ಲಿ ಎತ್ತಿಕೊಂಡು ಹಡಗಿನ ಹಲಗೆ ಏರಿದ.

"ಇದ್ಯಾರು?" ಎಂದ ಹಡಗಿನವನು.

"ನಮ್ಮ ಯಜಮಾನ್ರು. ಇವ್ರು ಒಪ್ಪಿದ್ಕೇ ಹೊರಟಿದ್ದು."

ಹಡಗಿನವನು ಔಷಧಿಯ ಘಾಟಿಗೆ ತಲೆ ಸುತ್ತಿ, ಮೂಗು ಮುಚ್ಚಿಕೊಂಡು ದಾರಿ ಬಿಟ್ಟ.

ನನ್ನ ತಮ್ಮನ ಕಂಗಾಣಿ ಕೆಲಸ ಉಳಿಯಿತು. ಟೀ ಗಿಡಗಳ ನಡುವೆ ಕಲ್ಲು ನೆಟ್ಟು, ಬುಡಕ್ಕೆ ಆ ಮಣ್ಣು ಹಾಕಿ, ಹೋತಕ್ಕೆ ನೀರು ಹುಯ್ದು ಕೇಳಿದೆವು. ಕೊಡವಲಿಲ್ಲ. ಆ ಬೆಟ್ಟದ ಮಳೆಯಲ್ಲಿ ಬೇಕಾದಷ್ಟು ಸಲ ಕೊಡವುತ್ತಿತ್ತು. ಕೇಳದೆ ಕೊಡವಿದ್ದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದಳು ಅಜ್ಜಿ. ಹಾಗಾಗಿ ಅದು ತೋಟದಲ್ಲಿ ದೊರೆಗಿಂತ ಠೀವಿಯಿಂದ ಓಡಾಡಿಕೊಂಡು, ಮುದಿಯಾಗಿ ಸತ್ತಿತು. ಕರುಪ್ಪನ ಕಲ್ಲಿನ ಬುಡದಲ್ಲೇ ಹೂಳಿದೆವು.

ಅದು ಬದುಕಿದ್ದಾಗ ಊರಿಗೆ ಮರಳುವ ಮಾತು ಬಂದಾಗಲೆಲ್ಲ ಅದನ್ನೇ ಕೇಳಿದ್ದೆವು. ಆಗಲೂ ಕೊಡವಿರಲಿಲ್ಲ. ಸತ್ತ ಮೇಲೆ ಬೇರೆ ಹೋತ ತರೋಣವೆಂದರೆ ಅಜ್ಜಿ ಒಪ್ಪಲಿಲ್ಲ. "ಬರೋಕೆ ಯಾರ್ನ ಕೇಳಿದ್ವೋ ಹೋಗೋಕೂ ಅವ್ರನ್ನೇ ಕೇಳ್ಬೇಕು" ಎಂದಳು. ಅವಳನ್ನು ಮಣ್ಣು ಮಾಡಿದ್ದು ಅದರ ಪಕ್ಕದಲ್ಲೇ. ನನಗೆ ಒಮ್ಮೊಮ್ಮೆ ಊರ ನೆನಪಿಗೆ ಅಳು ಬರುತ್ತದೆ. ಆಗ ಕಲ್ಲಿನ ಹತ್ತಿರ ಹೋಗಿ ಹೋತವನ್ನು ಬಾಯಿಗೆ ಬಂದಂತೆ ಬೈದು, ಬುಡಕ್ಕೆ ಒಂದು ಚೊಂಬು ನೀರು ಹುಯ್ದು, ಸ್ವಲ್ಪ ಹೊತ್ತು ಕಾದು ಬರುತ್ತೇನೆ.