ಗಿಣಿ ಬರೆದ ಕಪ್ಪು ಚಿತ್ರ

ಹಾಸಿಗೆ ಅಂಗಡಿಗೆ ಬೆಂಕಿ ಬಿದ್ದ ಮೇಲೆ ಅಂಗಡಿಯವನ ಮಗಳು ಮಾತು ಬಿಟ್ಟಳು. ತೆರೆದ ಬಾಯಿ ಮುಚ್ಚದ ಹುಡುಗಿ ಅಂತ ಬೀದಿಯವರೆಲ್ಲ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಈಗ ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ತಟ್ಟೆಯ ಮುಂದೆ ಸುಮ್ಮನೆ ಕೂರುವಳು. ಅಮ್ಮ ಒಲೆ ಹಚ್ಚಿದರೆ ಹಿತ್ತಲಿಗೆ ಓಡುವಳು. ಶಾಲೆಯಲ್ಲಿ ಪಕ್ಕದವಳ ಕೈ ಕಚ್ಚಿದಳೆಂದು ದೂರು ಬೇರೆ ಬಂತು.

ಅಪ್ಪನಿಗೆ ದಿಕ್ಕೇ ತೋಚಲಿಲ್ಲ. ಬೆಂಕಿಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಹೋಗಿದ್ದು ಹತ್ತಿ, ಬಟ್ಟೆ, ಹೊಲಿಗೆ ಯಂತ್ರ. ಗೋಡೆಗೆ ಸುಣ್ಣ ಬಳಿದು, ಹೊಸ ಹತ್ತಿ ತರಿಸಿ ಅವನು ಮತ್ತೆ ಕೆಲಸಕ್ಕೆ ಕೂತಿದ್ದ. "ನಾವೇ ಮರೆತಿದ್ದೀವಿ, ಇವಳಿಗೇನು ಬಂತು?" ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ.

ಅವನ ಅಕ್ಕ ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಒಂದು ಭಾನುವಾರ ಬಂದವಳೇ ಚೀಲದಿಂದ ಬಣ್ಣದ ಕಡ್ಡಿ, ಬಿಳಿ ಹಾಳೆ, ಕಥೆಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

"ಇದೇನಕ್ಕಾ, ಔಷಧಿ ತರ್ತೀಯ ಅಂತಿದ್ರೆ ಆಟದ ಸಾಮಾನು ತಂದಿದ್ದೀಯ?"

"ಮಕ್ಕಳಿಗೆ ಮನಸ್ಸಲ್ಲಿರೋದನ್ನ ಹೇಳೋಕೆ ಮಾತು ಸಿಗಲ್ಲ ಕಣೋ. ಕೈಗೆ ಬಣ್ಣ ಕೊಟ್ರೆ ಎಷ್ಟೋ ಸಲ ಹೊರಗೆ ಬರುತ್ತೆ. ವಾರ್ಡಲ್ಲಿ ದಿನಾ ನೋಡ್ತೀನಿ."

"ಬಣ್ಣ ಬಳಿದ್ರೆ ಭಯ ಹೋಗುತ್ತಾ? ಹಂಗಾದ್ರೆ ಗೋಡೆಗೆ ಬಣ್ಣ ಹೊಡೆಯೋರಿಗೆಲ್ಲ ಚಿಂತೇನೇ ಇರಬಾರದು."

ಅಕ್ಕನಿಗೂ ನಗು ಬಂತು. "ಒಂದೇ ದಿನಕ್ಕೆ ಹೋಗುತ್ತೆ ಅಂತ ನಾನೂ ಹೇಳಲ್ಲ. ದಿನಾ ಸ್ವಲ್ಪ ಹೊತ್ತು ಅವಳ ಪಕ್ಕ ಕೂತ್ಕೋ. ಇಂಥದ್ದೇ ಬರಿ ಅನ್ಬೇಡ. ಚೆನ್ನಾಗಿಲ್ಲ ಅಂತ ಅಂತೂ ಅನ್ಲೇಬೇಡ. ಇದರ ಬಗ್ಗೆ ಹೇಳ್ತೀಯಾ ಅಂತ ಕೇಳು, ಹೇಳದಿದ್ರೆ ಬಿಡು. ಒಂದು ಕಥೆ ಓದಿ ಹೇಳು. ಇಷ್ಟು ಮಾಡಿಯೂ ಊಟ, ನಿದ್ದೆ ಸರಿಹೋಗದಿದ್ರೆ ನಮ್ಮಲ್ಲಿ ಮಕ್ಕಳ ಮನಸ್ಸು ನೋಡೋ ಡಾಕ್ಟರ್ ಇದ್ದಾರೆ, ಕರ್ಕೊಂಡು ಬಾ. ಅದರಲ್ಲಿ ನಾಚಿಕೆ ಏನಿಲ್ಲ."

ಸಂಜೆ ಅಪ್ಪ ಅರೆಮನಸ್ಸಿನಿಂದಲೇ ಮಗಳ ಪಕ್ಕ ಕೂತ. ಗಿಣಿ ಕಪ್ಪು ಕಡ್ಡಿ ಹಿಡಿದು, ಹಾಳೆ ಹರಿಯುವ ಹಾಗೆ ಒತ್ತಿ ಗೀಚಿದಳು. ಮರುದಿನವೂ ಕಪ್ಪೇ. ಒಂದು ಹೂವಾದರೂ ಬರೆಯಬಾರದೇ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ. ಸುಮ್ಮನೆ ಕೂರಲಾಗದೆ ತಾನೂ ಒಂದು ಹಸು ಬರೆದ.

"ಇದು ಮಂಚಾನಾ ಅಪ್ಪಾ?"

"ಹಸು ಕಣೇ."

ಗಿಣಿ ಕಿಸಕ್ಕನೆ ನಕ್ಕಳು. ಆ ನಗು ಕೇಳಿ ಅಡುಗೆಮನೆಯಲ್ಲಿದ್ದ ಅಮ್ಮ ಕೈಯಲ್ಲಿದ್ದ ಪಾತ್ರೆಯ ಸಮೇತ ಬಾಗಿಲಿಗೆ ಬಂದು ನಿಂತಳು.

ಆಮೇಲೆ ಕಥೆ. ಬಿರುಗಾಳಿಗೆ ಗೂಡು ಕಳೆದುಕೊಂಡ ಅಳಿಲುಮರಿಯ ಕಥೆಯನ್ನು ಅಪ್ಪ ತಡವರಿಸುತ್ತ ಓದಿದ. "ಪಾಪ, ಅದಕ್ಕೆ ಹೇಗಾಗಿರಬೇಡ?" ಎಂದ.

"ತನ್ನಿಂದಾನೇ ಹೀಗಾಯ್ತು ಅಂದ್ಕೊಂಡಿರುತ್ತೆ," ಎಂದಳು ಗಿಣಿ.

ಇದು ಅಳಿಲಿನ ಮಾತಲ್ಲ ಎಂದು ಅಪ್ಪನಿಗೆ ಹೊಳೆಯಿತು. ಆದರೂ ಕೆದಕಲಿಲ್ಲ. ಗಿಣಿಯೇ ಹೊಸ ಹಾಳೆ ಎಳೆದುಕೊಂಡು ಕಪ್ಪು ಅಂಗಡಿ ಬರೆದಳು, ಮೇಲೆ ಕೆಂಪು ಉರಿ ಬರೆದಳು. ಮೂಲೆಯಲ್ಲಿ, ಸ್ವಿಚ್ಚಿನ ಹತ್ತಿರ, ಒಬ್ಬ ಪುಟ್ಟ ಹುಡುಗಿ.

"ಇದರ ಬಗ್ಗೆ ಹೇಳ್ತೀಯಾ ಮಗಳೇ?"

"ಇದು ನಾನು. ಫ್ಯಾನ್ ಆರಿಸು ಅಂದಿದ್ರಿ. ನಾನು ಮರೆತೆ. ಅದಕ್ಕೇ ಬೆಂಕಿ ಬಿತ್ತು."

ಇಷ್ಟು ಭಾರವನ್ನು ಈ ಮಗು ಒಂಟಿಯಾಗಿ ಹೊತ್ತಿತ್ತೇ ಎನಿಸಿತು ಅವನಿಗೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಇಲ್ಲ ಮಗಳೇ. ಗೋಡೆ ಒಳಗಿದ್ದ ಹಳೇ ವೈರು ಸುಟ್ಟು ಬೆಂಕಿ ಹತ್ತಿದ್ದು. ಕರೆಂಟಿನವರು ಗೋಡೆ ಒಡೆದು ನನಗೆ ತೋರಿಸಿದ್ರು. ಫ್ಯಾನಿಗೂ ಅದಕ್ಕೂ ಸಂಬಂಧಾನೇ ಇಲ್ಲ. ನಾವು ನಿಂಗೆ ಆವತ್ತೇ ಹೇಳಬೇಕಿತ್ತು."

ಗಿಣಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾದ ಮೇಲೆ ಅನ್ನ ಕೇಳಿ ಹಾಕಿಸಿಕೊಂಡಳು.

ಭಯ ಒಮ್ಮೆಲೇ ಓಡಿಹೋಗಲಿಲ್ಲ. ಹಾಳೆಯಲ್ಲಿ ಮೆಲ್ಲಗೆ ಹಸಿರು ಬಂತು, ಹಳದಿ ಬಂತು. ಮಾತೂ ಬಂತು. ರಜೆಯಲ್ಲಿ ಅವಳು ಕತ್ತಲೆಗೆ ಹೆದರುವ ಆನೆಯ ಕಥೆ ಕಟ್ಟಿ, ಚಿತ್ರ ಬರೆದಳು. ಅಪ್ಪ ಹಾಳೆಗಳನ್ನೆಲ್ಲ ಜೋಡಿಸಿ, ಹಾಸಿಗೆ ಹೊಲಿಯುವ ದಪ್ಪ ಸೂಜಿಯಲ್ಲೇ ಪುಸ್ತಕ ಹೊಲಿದುಕೊಟ್ಟ.

ಆ ಪುಸ್ತಕವನ್ನು ಗಿಣಿ ಬೀದಿಯ ಗ್ರಂಥಾಲಯದಲ್ಲಿ ಚಿಕ್ಕ ಮಕ್ಕಳಿಗೆ ಓದಿ ಹೇಳಿದಳು. ಒಂದು ಮಗು ಕೇಳಿತು: "ಅಕ್ಕಾ, ನಿಂಗೂ ಭಯ ಆಗುತ್ತಾ?"

"ಒಮ್ಮೊಮ್ಮೆ ಆಗುತ್ತೆ. ಆಗ ಅಪ್ಪಂಗೆ ಹೇಳ್ತೀನಿ," ಎಂದಳು ಗಿಣಿ.

ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಅಪ್ಪ ಪಕ್ಕದಲ್ಲಿದ್ದವರನ್ನು ಮೊಣಕೈಯಿಂದ ತಿವಿದು, "ನನ್ನ ಮಗಳು," ಎಂದ. ಅವಳು ಯಾರೆಂದು ಅವರು ಕೇಳಿಯೇ ಇರಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಮಾತು ನಿಲ್ಲಿಸಿದ ಮಗು ಇರಬಹುದು, ಸುಮ್ಮಸುಮ್ಮನೆ ಸಿಡುಕುವ ಮಗು ಇರಬಹುದು. ಬೈಯುವ ಮೊದಲು ಅದರ ಕೈಗೆ ಒಂದು ಹಾಳೆ, ನಾಲ್ಕು ಬಣ್ಣ ಕೊಡಿ. ಗ್ರಂಥಾಲಯದಿಂದ ಒಂದು ಕಥೆಪುಸ್ತಕ ತಂದು ಜೊತೆಗೆ ಕೂತು ಓದಿ. ಹಾಗೂ ಸರಿಹೋಗದಿದ್ದರೆ ಆಸ್ಪತ್ರೆಯಲ್ಲಿ ವಿಚಾರಿಸಲು ಹಿಂಜರಿಯಬೇಡಿ. ನಿಮಗೆ ಚಿತ್ರ ಬರೆಯಲು ಬರದಿದ್ದರೂ ಚಿಂತೆಯಿಲ್ಲ, ಪಕ್ಕದಲ್ಲಿ ಕೂರಲು ಬಂದರೆ ಸಾಕು. ಇವತ್ತು ಸಂಜೆಯೇ ಕೂರಿ.