ಶುಕ್ರವಾರ ಬರುವ ರೋಗಿ

ಸುಳ್ಳು ಹೇಳುವವರನ್ನು ನಾನು ಹೇಗೋ ಸಹಿಸಿಕೊಳ್ಳುತ್ತೇನೆ. ಬೇನೆ ಬಿದ್ದ ನಾಯಿಯ ಊಟದ ಬಗ್ಗೆ ಸುಳ್ಳು ಹೇಳುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಅಫಜಲಪುರದಲ್ಲಿ ಡಾಕ್ಟರ್ ಬುರಾನುದ್ದೀನರ ಪ್ರಾಣಿ ದವಾಖಾನೆಯಲ್ಲಿ ನಾನು ನರ್ಸು, ಹೆಸರು ನೀತಾ. ಇಂಜೆಕ್ಷನ್ನು, ಸಲೈನು, ಪಟ್ಟಿ ಕಟ್ಟುವುದು ಎಲ್ಲ ಮಾಡುತ್ತೇನೆ, ಆದರೆ ನನ್ನ ಖಾಸಾ ಕೆಲಸ ಅಲ್ಲಿ ಮಲಗಿದ ನಾಯಿ ಬೆಕ್ಕುಗಳಿಗೆ ಉಣ್ಣಿಸುವುದು. ಯಾರಿಗೆ ಏನು, ಎಷ್ಟು ಗ್ರಾಂ, ಎಷ್ಟು ಹೊತ್ತಿಗೊಮ್ಮೆ, ತಿಂದದ್ದು ಒಳಗೆ ಉಳಿಯಿತೋ ಹೊರಗೆ ಬಂತೋ ಎಂಬುದೆಲ್ಲ ನನ್ನ ಚಾರ್ಟಿನಲ್ಲಿ ಇರುತ್ತದೆ. "ನಾಯಿ ಅನ್ನಕ್ಕೂ ತಕ್ಕಡಿ ಏನ್ರಿ ಬಾಯಿ?" ಅಂತ ಜನ ನಗುತ್ತಾರೆ. ನಗಲಿ. ಔಷಧಿಗೆ ಏಳದ ಪ್ರಾಣಿ ಸರಿಯಾದ ತುತ್ತಿಗೆ ಎದ್ದು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಾಣಗಾಪುರದ ವತ್ಸಲಾಬಾಯಿಯವರ ನಾಯಿ ಮೋತ್ಯಾ ಮೂರನೇ ಸಲ ನಮ್ಮ ಟೇಬಲ್ ಮೇಲೆ ಬಂದಾಗ ಬೆನ್ನು ಬಾಗಿಸಿಕೊಂಡು ನಡುಗುತ್ತಿತ್ತು. ಹೊಟ್ಟೆ ಮುಟ್ಟಿದರೆ ನರಳುತ್ತಿತ್ತು. ರಾತ್ರಿಯಿಂದ ಏಳು ಸಲ ವಾಂತಿ. ಕೊಬ್ಬನ್ನು ಅರಗಿಸುವ ಗ್ರಂಥಿ ಹೊಟ್ಟೆಯೊಳಗೆ ಊದಿಕೊಂಡಿತ್ತು. ಅಂಥ ನಾಯಿಗೆ ಎರಡು ಚಮಚ ತುಪ್ಪ ಅಂದರೆ ವಿಷ.

"ಇನ್ನೊಮ್ಮೆ ಹಿಂಗಾತಂದ್ರ ನನ್ನ ಕೈಯಾಗ ಏನೂ ಇರಂಗಿಲ್ಲರಿ," ಅಂದರು ಡಾಕ್ಟರು. "ನಾಲ್ಕನೇ ಸಲ ಇದು ತಡಕೊಳ್ಳಂಗಿಲ್ಲ."

ವತ್ಸಲಾಬಾಯಿ ಅಂಗನವಾಡಿ ಟೀಚರಾಗಿ ನಿವೃತ್ತರಾದವರು, ಅಚ್ಚುಕಟ್ಟಿನ ಹೆಂಗಸು. ಸೆರಗಿನ ತುದಿ ಹಿಡಿದುಕೊಂಡು ಹೇಳಿದರು: "ದತ್ತ ಮಹಾರಾಜರ ಆಣಿ ಸಿಸ್ಟರ್, ನೀವು ಬರದು ಕೊಟ್ಟದ್ದು ಬಿಟ್ಟು ಒಂದಗಳು ನಾ ಹಾಕಿಲ್ಲ."

ವಾಂತಿಯ ಮೇಲೆ ತುಪ್ಪದ ಪೊರೆ ಹಳದಿಯಾಗಿ ತೇಲುತ್ತಿತ್ತು. ನನ್ನ ನಾಲಿಗೆ ತಡೆಯಲಿಲ್ಲ. "ಹಂಗಾರ ತುಪ್ಪ ಆಕಾಶದಿಂದ ಬಿತ್ತೇನ್ರಿ ಕಾಕು?"

ಅವರು ಅತ್ತುಬಿಟ್ಟರು. ಡಾಕ್ಟರು ನನ್ನನ್ನು ಕಣ್ಣಲ್ಲೇ ಗದರಿಸಿದರು. ನಾನು ಬಾಯಿ ಮುಚ್ಚಿಕೊಂಡು ತಕ್ಕಡಿ ತರಲು ಹೋದೆ.

ಮೋತ್ಯಾ ಹದಿನಾಲ್ಕು ಕಿಲೋ ಇದ್ದ. ಸುಮ್ಮನೆ ಮಲಗಿದ್ದರೂ ಅವನ ಮೈಗೆ ದಿನಕ್ಕೆ ಸುಮಾರು ಐದುನೂರು ಕ್ಯಾಲರಿ ಬೇಕು. ಉಪವಾಸ ಕೆಡವಿದರೆ ವಾಸಿಯಾಗುತ್ತದೆ ಅನ್ನುವುದು ಹಳೇ ಮಾತು. ವಾಂತಿ ನಿಂತ ಮೇಲೆ ಮೊದಲ ದಿನ ಅದರ ಕಾಲು ಭಾಗವನ್ನು ಆರು ಸಲ ಹಂಚಿ ಕೊಟ್ಟೆ: ಮೆತ್ತಗೆ ಬೇಯಿಸಿದ ಅನ್ನ, ಕೆನೆ ತೆಗೆದ ಹಾಲಿನ ಪನೀರು ಪುಡಿ ಮಾಡಿ ಕಲಸಿದ್ದು. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ಅದಕ್ಕೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದೆ. ಅವನು ಮುಖ ತಿರುಗಿಸಿದ. ತುಟಿಗೆ ನಾಲ್ಕು ಅಗಳು ಸವರಿದೆ, ನೆಕ್ಕಿದ. ಮತ್ತೆ ಸವರಿದೆ, ನೆಕ್ಕಿದ. ಐದನೇ ಸಲಕ್ಕೆ ತಾನೇ ಬಟ್ಟಲಿಗೆ ಮೂತಿ ಇಟ್ಟ. ನನಗೆ ಎಷ್ಟು ಸಂತೋಷವಾಯಿತೆಂದರೆ ಡಾಕ್ಟರನ್ನು ಕೂಗಿ ಕರೆದು ತೋರಿಸಿದೆ.

ನಾಲ್ಕು ದಿನದಲ್ಲಿ ಪೂರ್ತಿ ಊಟಕ್ಕೆ ಬಂದ. ಅವನನ್ನು ಮನೆಗೆ ಕಳಿಸುವ ಮುನ್ನ ಹಳೇ ಚಾರ್ಟುಗಳನ್ನು ತಿರುವಿ ಹಾಕಿದೆ. ಮೂರು ಸಲವೂ ಅವನು ಬಂದದ್ದು ಶುಕ್ರವಾರ ಬೆಳಿಗ್ಗೆ. ಸೋಮವಾರ ಇಲ್ಲ, ಬುಧವಾರ ಇಲ್ಲ. ಗಾಣಗಾಪುರದಲ್ಲಿ ಗುರುವಾರ ಅಂದರೆ ದತ್ತನ ವಾರ, ಅದು ಕೂಸಿಗೂ ಗೊತ್ತು. ಆದರೆ ನಾಯಿಯ ಹೊಟ್ಟೆಗೂ ಗುರುವಾರಕ್ಕೂ ಏನು ಸಂಬಂಧ? ಅದು ತಲೆಯೊಳಗೆ ಹೊಕ್ಕಿದ್ದೇ ತಡ, ನನಗೆ ಊಟ ಸೇರದಾಯಿತು.

"ಸರ್, ಗುರುವಾರ ಅರ್ಧ ದಿನ ರಜಾ ಬೇಕು. ಗಾಣಗಾಪುರಕ್ಕ ಹೋಗ್ತೇನಿ."

"ನೀ ನರ್ಸ್ ಇದ್ದೀಯೋ ಪೊಲೀಸ್ ಇದ್ದೀಯೋ?"

"ಎರಡೂ ಅಂತ ತಿಳಕೋರಿ."

ಡಾಕ್ಟರು ನಕ್ಕು ಹೂಂ ಅಂದರು. "ಹೋಗು, ಆದ್ರ ಆ ಬಾಯಿನ್ನ ಮತ್ತ ಅಳಸಬ್ಯಾಡ."

ಹೇಳದೆ ಕೇಳದೆ ಹೋಗಿ ಬಾಗಿಲು ಬಡಿದೆ. ವತ್ಸಲಾಬಾಯಿ ಗಾಬರಿಯಾಗಲಿಲ್ಲ, ಖುಷಿಪಟ್ಟರು. ಅಡುಗೆಮನೆಗೇ ಕರೆದೊಯ್ದರು. ಹೊಸ ತಕ್ಕಡಿ, ಮೋತ್ಯಾನ ಬೇರೆ ಬಟ್ಟಲು, ಮುಚ್ಚಿಟ್ಟ ಪನೀರು. ನನ್ನ ಚಾರ್ಟು ದೇವರ ಫೋಟೋದ ಪಕ್ಕ ಗೋಡೆಗೆ ಅಂಟಿತ್ತು, ಪ್ರತಿ ಹೊತ್ತಿಗೂ ಒಂದು ಗೀಟು ಎಳೆದಿದ್ದರು. ಬಟ್ಟಲನ್ನು ಮೂಸಿ ನೋಡಿದೆ. ತುಪ್ಪದ ಸುಳಿವೇ ಇಲ್ಲ. ನನಗೆ ನಾಚಿಕೆಯಾಯಿತು. ಆದರೂ ಹೊರಗೆ ಬಂದು ಕಟ್ಟೆಯ ಮೇಲೆ ಮೋತ್ಯಾನ ಪಕ್ಕದಲ್ಲೇ ಕೂತೆ.

ಮಧ್ಯಾಹ್ನವಾಯಿತು. ಓಣಿಯ ತುದಿಯಿಂದ ಯಾತ್ರಿಕರು ಬರತೊಡಗಿದರು. ಹೆಗಲಿಗೆ ಜೋಳಿಗೆ, ಬಾಯಲ್ಲಿ "ಗುರುದೇವ ದತ್ತ". ಈ ಊರಿಗೆ ಬಂದವರು ಶ್ರೀಮಂತರಾಗಲಿ ಬಡವರಾಗಲಿ ಐದು ಮನೆ ಬೇಡಿ ಉಣ್ಣುವುದು ಮಧುಕರಿಯ ನೇಮ. ವತ್ಸಲಾಬಾಯಿ ಎಲ್ಲರ ಜೋಳಿಗೆಗೂ ಖಿಚಡಿ ಹಾಕಿದರು. ಸೊಲ್ಲಾಪುರದ ಕಡೆಯ ಒಬ್ಬ ಯಾತ್ರಿಕ ಅಲ್ಲೇ ಕಟ್ಟೆಯ ಮೇಲೆ ಕೂತು, ಬೇರೆ ಯಾವುದೋ ಮನೆಯವರು ಕೊಟ್ಟ ಹೋಳಿಗೆಯನ್ನು ಜೋಳಿಗೆಯಿಂದ ತೆಗೆದ. ತುಪ್ಪ ಬೆರಳ ಸಂದಿಯಿಂದ ಸೋರುತ್ತಿತ್ತು. ಮೊದಲನೇ ತುಂಡು ಮುರಿದ. ಬಾಯಿಗಿಡಲಿಲ್ಲ. ಭಕ್ತಿಯಿಂದ ಮೋತ್ಯಾನ ಕಡೆ ಚಾಚಿದ.

ನಾನು ಹಾರಿ ಮೋತ್ಯಾನ ಕೊರಳಪಟ್ಟಿ ಹಿಡಿದುಕೊಂಡೆ. "ಕಾಕು! ಏನಿದು?"

"ಯಾವುದು?"

"ಇವರು ಹಾಕಾಕತ್ತಿದ್ದು!"

"ಅದು ಊಟ ಅಲ್ಲಲ್ರಿ ಸಿಸ್ಟರ್, ನೈವೇದ್ಯ." ವತ್ಸಲಾಬಾಯಿಗೆ ನಿಜವಾಗಿಯೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. "ಮಧ್ಯಾಹ್ನ ಭಿಕ್ಷಾಕ್ಕ ದತ್ತ ಯಾವ ರೂಪದಾಗ ಬರ್ತಾನೋ ಯಾರಿಗಿ ಗೊತ್ತು? ಅದಕ್ಕ ನಾಯಿಗಿ ಮೊದಲನೇ ತುತ್ತು. ಗುರುವಾರ ಅಂದ್ರ ಮೂವತ್ತು ಮಂದಿ ಕೊಡ್ತಾರ. ನಾ ಏನೂ ಹಾಕಿಲ್ಲಲ್ಲ."

ಹೌದು, ಅವರು ಸುಳ್ಳು ಹೇಳಿರಲಿಲ್ಲ. ನೀವು ಏನು ಹಾಕುತ್ತೀರಿ ಅಂತ ಮೂರು ಸಲವೂ ಕೇಳಿದವಳು ನಾನು. ಮೋತ್ಯಾನ ಬಾಯಿಗೆ ಏನೇನು ಬೀಳುತ್ತದೆ ಅಂತ ಒಮ್ಮೆಯೂ ಕೇಳಿರಲಿಲ್ಲ. ಇಷ್ಟು ವರ್ಷ ಚಾರ್ಟು ಬರೆದು ದೊಡ್ಡಸ್ತಿಕೆ ಮಾಡಿದವಳಿಗೆ ಸರಿಯಾಗಿ ಕೇಳಲಿಕ್ಕೇ ಬಂದಿರಲಿಲ್ಲ.

"ಇವನ್ನ ಒಳಗ ಕಟ್ರಿ ಕಾಕು. ಈ ತುಂಡು ನುಂಗಿದ್ರ ಸಾಯ್ತಾನ."

ವತ್ಸಲಾಬಾಯಿಯವರ ಮುಖ ಬಿಳಿಚಿಕೊಂಡಿತು. "ಬಾಗಿಲಿಗಿ ಬಂದ ದತ್ತನ್ನ ಕಟ್ಟಿ ಹಾಕಂತೀರೇನು? ನಲವತ್ತು ವರ್ಷಾತು, ಈ ಕಟ್ಟಿ ಮ್ಯಾಲ ಮಧ್ಯಾಹ್ನದಾಗ ನಾ ಯಾರಿಗೂ ಬ್ಯಾಡ ಅಂದಿಲ್ಲ. ಕೊಡವರಿಗೂ ಅಂದಿಲ್ಲ, ತಗೊಳ್ಳವರಿಗೂ ಅಂದಿಲ್ಲ."

ನನಗೆ ಸಿಟ್ಟು ಬಂತು, ಅವರ ಮೇಲೆ ಪಾಪ ಅಂತಲೂ ಅನ್ನಿಸಿತು. "ನಿಮ್ಮ ಮನ್ಯಾಗ ಹಿರಿಯರಿಗಿ ಜಡ್ಡಾದ್ರ ಹೋಳಿಗಿ ಬಡಸ್ತೀರೋ, ಗಂಜಿ ಕುಡಸ್ತೀರೋ?"

ಅವರು ಸರ್ರನೆ ತಿರುಗಿ ಒಳಗೆ ಹೋದರು. ಅಳಲಿಕ್ಕೆ ಹೋದರು ಅಂದುಕೊಂಡೆ. ಇತ್ತ ಯಾತ್ರಿಕ ಚಾಚಿದ ಕೈ ಹಿಂತೆಗೆದುಕೊಂಡಿರಲಿಲ್ಲ, ಮೋತ್ಯಾನ ಮೂಗು ನಡುಗುತ್ತಿತ್ತು, ನನ್ನ ಹಿಡಿತ ಸಡಿಲುತ್ತಿತ್ತು.

ವತ್ಸಲಾಬಾಯಿ ಮಧ್ಯಾಹ್ನಕ್ಕೆಂದು ತೂಗಿಟ್ಟ ಅನ್ನದ ಬಟ್ಟಲು ಹಿಡಿದುಕೊಂಡು ಬಂದರು. ಯಾತ್ರಿಕನ ಕೈಗೂ ಮೋತ್ಯಾನ ಮೂತಿಗೂ ನಡುವೆ ತಮ್ಮ ಕೈ ಅಡ್ಡ ಇಟ್ಟರು.

"ಬ್ಯಾಡ್ರಿ ಮಹಾರಾಜ," ಅಂದರು. "ದತ್ತನ ಪ್ರಕೃತಿ ಬರೊಬರಿ ಇಲ್ಲ. ಪಥ್ಯದಾಗ ಇದ್ದಾನ."

ಯಾತ್ರಿಕ ನಾಯಿಯನ್ನು ನೋಡಿದ, ಅವರನ್ನು ನೋಡಿದ. ನಗಲಿಲ್ಲ. ಹೋಳಿಗೆಯನ್ನು ಜೋಳಿಗೆಗೆ ಹಾಕಿ, ತಂಬಿಗೆಯ ನೀರಿನಲ್ಲಿ ಕೈ ತೊಳೆದುಕೊಂಡ. "ಮತ್ತ ಏನು ತಗೋತಾರ?" ಅಂತ ಕೇಳಿದ, ದೊಡ್ಡವರ ಬಗ್ಗೆ ಕೇಳುವ ಹಾಗೆ.

ವತ್ಸಲಾಬಾಯಿ ಬಟ್ಟಲು ಮುಂದೆ ಹಿಡಿದರು. ಅವನು ನನ್ನ ಮುಖ ನೋಡಿದ.

"ನಾಲ್ಕಗಳು ಸಾಕ್ರಿ," ಅಂದೆ. "ಇನ್ನೂ ಮೂವತ್ತು ಮಂದಿ ಬರವರಿದ್ದಾರ."

ಮೋತ್ಯಾ ಅವನ ಬೆರಳಿಂದ ನಾಲ್ಕಗಳು ಅನ್ನ ನೆಕ್ಕಿದ. ಯಾತ್ರಿಕ ಬಗ್ಗಿ ನಮಸ್ಕಾರ ಮಾಡಿದ. ಅವನ ಹಿಂದೆ ಬಂದವನು ಆಗಲೇ ಜೋಳಿಗೆಯೊಳಗೆ ಕೈ ಹಾಕುತ್ತಿದ್ದ.

"ಮೊದಲ ಕೈ ತೊಳಕೋರಿ," ಅಂದರು ವತ್ಸಲಾಬಾಯಿ. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅಡ್ಡ ಇಟ್ಟ ಕೈಯನ್ನು ಮಾತ್ರ ಅವರು ತೆಗೆಯಲಿಲ್ಲ.